ಹಳ್ಳಿಮೈಸೂರಿನ ಪಿಕಪ್ಪಿಗೆ ಒಂದು ತೂತು

ಹಳ್ಳಿಮೈಸೂರಿನ ರಾಮಣ್ಣನವರ ಮನೆಯ ಪಿಕಪ್ಪು ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿಯದು. ಸಕಲೇಶಪುರದ ಕಡೆ ಕಾಫಿ ತೋಟ ಇಟ್ಟುಕೊಂಡಿದ್ದ ದೊರೆಯೊಬ್ಬ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ರಾಮಣ್ಣನವರ ತಾತ ಅದನ್ನು ಕೊಂಡರು. ಕೊಂಡಾಗ ಹಸಿರು ಬಣ್ಣವಿತ್ತು ಎಂದು ಮನೆಯವರು ಹೇಳುತ್ತಾರೆ, ನೀಲಿ ಎಂದು ಊರವರು ಹೇಳುತ್ತಾರೆ. ಈಗ ಎರಡೂ ಅಲ್ಲದ್ದರಿಂದ ಯಾರೂ ಸೋತಿಲ್ಲ. ಆಲೂಗಡ್ಡೆ ಮೂಟೆ, ಕೊಟ್ಟಿಗೆ ಗೊಬ್ಬರ, ಜೋಡಿ ಹೋರಿ, ಒಂದು ಚುನಾವಣೆಯಲ್ಲಿ ಸೋತ ಅಭ್ಯರ್ಥಿ, ಎಲ್ಲವನ್ನೂ ಒಂದೇ ಸಮಚಿತ್ತದಿಂದ ಹೊತ್ತ ಗಾಡಿ. ಆಮೇಲೆ ಹತ್ತು ವರ್ಷ ಅದು ಕೋಳಿಗಳು ಮೊಟ್ಟೆ ಇಡುವ ಜಾಗವಾಗಿತ್ತು. ಒಂದು ದಿನ ಯಾರೋ ಇಂಥದ್ದೇ ಗಾಡಿಗೆ ಊರಾಚೆ ಏನು ಬೆಲೆ ಇದೆ ಎಂದು ಮೊಬೈಲಿನಲ್ಲಿ ತೋರಿಸಿದರು. ಅವತ್ತಿನಿಂದ ಅದು ತಾತನ ನೆನಪು.

ತಾತನ ನೆನಪಿಗೆ ಒಂದೇ ಒಂದು ಕಾಯಿಲೆ. ಅದರ ಪೆಟ್ರೋಲ್ ಟ್ಯಾಂಕು ಇದ್ದದ್ದು ಒಳಗೆ, ಸೀಟಿನ ಬೆನ್ನ ಹಿಂದೆ. ಆ ಕಾಲದಲ್ಲಿ ಹಾಗೇ ಮಾಡುತ್ತಿದ್ದರು. ಮುಂದೆ ಕೂತವರ ಬೆನ್ನಿಗೆ ಅರವತ್ತು ಲೀಟರ್ ಪೆಟ್ರೋಲು ಒರಗಿಕೊಂಡಿರುತ್ತಿತ್ತು. ಮನೆತನದವರನ್ನು ಬಿಟ್ಟರೆ ಒಳಗೆ ಕೂರುವ ಭಾಗ್ಯ ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಡ್ರೈವರಿಗೆ ಮತ್ತು ಟ್ಯಾಂಕಿಗೆ ಮಾತ್ರ. ಗೇಯಲು ಬಂದವರು ಹಿಂದೆ, ಮೂಟೆಗಳ ಮೇಲೆ.

ಹಾಸನದಲ್ಲಿ ಹಳೇ ಗಾಡಿಗಳ ಪ್ರದರ್ಶನ ನಡೆಯುತ್ತದೆ, ಗಾಡಿಯ ಜೊತೆ ಮನೆಯ ಹಿರಿಯರೂ ಬಂದರೆ ವಿಶೇಷ ಬಹುಮಾನ ಇದೆ ಎಂದು ಗೊತ್ತಾದ ಮೇಲೆ ರಾಮಣ್ಣ ತಮ್ಮ ಅತ್ತಿಗೆಯ ಹತ್ತಿರ ಹೋದರು. ತೀರಿಹೋದ ಅಣ್ಣನ ಹೆಂಡತಿ; ಊರಿಗೆಲ್ಲ ದೊಡ್ಡಮ್ಮ. ಎಪ್ಪತ್ತೆಂಟು ವರ್ಷ, ಕನ್ನಡಕ ಇಲ್ಲ, ಮುಲಾಜೂ ಇಲ್ಲ.

"ನೀವು ಈ ಮನೆಗೆ ಮದುಮಗಳಾಗಿ ಬಂದಿದ್ದೇ ಆ ಗಾಡೀಲಲ್ವಾ ಅತ್ಗೆಮ್ಮ. ನೀವು ಕೂತ್ರೆ ಪ್ರೈಜು ನಮ್ದೇ."

"ಬಂದಿದ್ದೆ ಕಣಪ್ಪ. ಆ ಪೆಟ್ರೋಲ್ ವಾಸ್ನೆಗೆ ದಾರೀಲೆಲ್ಲ ವಾಂತಿ ಮಾಡ್ಕಂಡು ಬಂದಿದ್ದೆ. ಮದ್ವೆ ಮನೇಲಿ ಜನ ಬ್ಯಾರೆ ಏನೋ ಅಂದ್ಕಂಡ್ರು. ಆ ಟ್ಯಾಂಕು ಒಳಗಿರಗಂಟ ನಾನು ಕೂರಕಿಲ್ಲ."

ಹೀಗೆ ಟ್ಯಾಂಕನ್ನು ಒಳಗಿನಿಂದ ಹಿಂದಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಕೆಲಸ ಸಿಕ್ಕಿದ್ದು ಅಶೋಕನಿಗೆ.

ಅಶೋಕ ಅದೇ ಊರಿನ ಗಂಗಯ್ಯನ ಮಗ. ಗಂಗಯ್ಯ ಆ ಪಿಕಪ್ಪಿನ ಹಿಂದೆ ಮೂವತ್ತು ವರ್ಷ ಆಲೂಗಡ್ಡೆ ಮೂಟೆ ಕಾಯುತ್ತ ಓಡಾಡಿದವನು. ಮಗ ಐಟಿಐ ಮುಗಿಸಿ, ಮೈಸೂರಿನಲ್ಲಿ ಹನ್ನೆರಡು ವರ್ಷ ಬೇರೆಯವರ ಬೋರ್ಡಿನ ಕೆಳಗೆ ದುಡಿದು, ಎಂಟು ತಿಂಗಳ ಹಿಂದೆ ಹೊಳೆನರಸೀಪುರದಲ್ಲಿ ಅರಕಲಗೂಡು ರಸ್ತೆಗೆ ತನ್ನದೇ ಶೆಡ್ಡು ಹಾಕಿದ್ದ. ಸ್ಕೂಟರು ಬರುತ್ತಿದ್ದವು, ಆಟೋ ಬರುತ್ತಿದ್ದವು. ಅವನಿಗೆ ಬೇಕಾದ ಹಳೇ ಗಾಡಿಗಳು ಮಾತ್ರ ಅವನ ಶೆಡ್ಡಿನ ಮುಂದೆಯೇ ಹಾದು ಚನ್ನರಾಯಪಟ್ಟಣದ ಪಂಚಾಕ್ಷರಯ್ಯನ ಗ್ಯಾರೇಜಿಗೆ ಹೋಗುತ್ತಿದ್ದವು. ಪಂಚಾಕ್ಷರಯ್ಯನಿಗೆ ಈಗ ಸರಿಯಾಗಿ ಕಣ್ಣು ಕಾಣುವುದಿಲ್ಲ. ಆದರೆ ಹೆಸರು ಚೆನ್ನಾಗಿ ಕಾಣುತ್ತದೆ.

"ಈ ಗಾಡಿ ಹಾಸ್ನ ಮುಟ್ಟಿದ್ರೆ ಶೆಡ್ಡು ಉಳೀತದೆ," ಎಂದಿದ್ದಳು ಅಶೋಕನ ಹೆಂಡತಿ ಭಾನುಪ್ರಿಯಾ. ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸು. ವಿಷಯವನ್ನು ಸುತ್ತಿ ಬಳಸಿ ಹೇಳುವ ಅಭ್ಯಾಸ ಇಲ್ಲ. "ದಾರೀಲಿ ನಿಂತ್ರೆ ತಿರ್ಗಾ ಮೈಸೂರು, ತಿರ್ಗಾ ಇನ್ಯಾರ್ದೋ ಬೋರ್ಡು."

ಅರಕಲಗೂಡಿನ ಗೌರೀಶಂಕರ ಎಂಬಾತ, ಹೊಳೆನರಸೀಪುರದಲ್ಲೇ ಕೆಲಸ ಮಾಡುವ ಗುಮಾಸ್ತ, ತನ್ನ ಅಪ್ಪನ ಕಾಲದ ಜೀಪನ್ನು ರಿಪೇರಿಗೆ ಅಶೋಕನ ಹತ್ತಿರ ಬಿಡುತ್ತೇನೆಂದು ಹೇಳಿದ್ದ. ಹೇಳಿ, "ಮೊದ್ಲು ಗೌಡ್ರ ಪಿಕಪ್ಪು ಏನಾಗ್ತದೆ ನೋಡನ" ಎಂದೂ ಸೇರಿಸಿದ್ದ.

ಅಶೋಕ ಕೆಲಸವನ್ನು ರಾಮಣ್ಣನವರ ಅಂಗಳದಲ್ಲೇ ಮಾಡಿದ. ಹೊಸ ತಗಡಿನ ಟ್ಯಾಂಕು ಮಾಡಿಸಿ ತಂದು, ಹಿಂದಿನ ಚಕ್ರಗಳ ನಡುವೆ ಕೂರುವ ಹಾಗೆ ಪಟ್ಟಿಗಳನ್ನು ಅಳತೆ ಮಾಡಿದ. ಒಂದು ಸಮಸ್ಯೆ ಉಳಿದಿತ್ತು. ಹಳೇ ಟ್ಯಾಂಕಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿತ್ತು. ಪೆಟ್ರೋಲು ಇಂಜಿನ್ನಿಗೆ ಹೋದಷ್ಟೂ ಅದರ ಮೂಲಕ ಗಾಳಿ ಒಳಗೆ ಬಂದು ಖಾಲಿಯಾದ ಜಾಗ ತುಂಬುತ್ತಿತ್ತು. ಇಷ್ಟು ಕಾಲ ಯಾರಿಗೂ ಗೊತ್ತಾಗದ ಹಾಗೆ ಕೆಲಸ ಮಾಡಿದ ತೂತು. ಹೊಸ ಟ್ಯಾಂಕಿಗೆ ಬೀಗದ ಮುಚ್ಚಳವೇ ಬೇಕು ಎಂದು ರಾಮಣ್ಣನವರ ಆಜ್ಞೆಯಾಗಿತ್ತು, ಏಕೆಂದರೆ ಊರಿನವರ ಮೇಲೆ ಅವರಿಗೆ ಪ್ರೀತಿ ಇದೆ, ನಂಬಿಕೆ ಇಲ್ಲ. ಆ ಮುಚ್ಚಳ ಗಾಳಿಯನ್ನೂ ಬಿಡುವುದಿಲ್ಲ. ಹಾಗಾಗಿ ಅಶೋಕ ಬೇರೆ ದಾರಿ ಯೋಚಿಸಿದ. ಟ್ಯಾಂಕಿನ ನೆತ್ತಿಗೆ ಒಂದು ತೂತು, ಅಲ್ಲಿಂದ ಸಣ್ಣದೊಂದು ಗಾಳಿ ಪೈಪು. ಅದು ಪಿಕಪ್ಪಿನ ಹಿಂಭಾಗದೊಳಗೆ ಮುಂದಿನ ಹಲಗೆಗೆ ಅಂಟಿಕೊಂಡು ಕಿಟಕಿಯ ಎತ್ತರಕ್ಕೆ ಏರಿ, ಊರುಗೋಲಿನ ಹಿಡಿಯ ಹಾಗೆ ಕೆಳಕ್ಕೆ ಬಾಗುತ್ತದೆ. ಮೇಲಿದ್ದರೆ ಪೆಟ್ರೋಲು ಚೆಲ್ಲುವುದಿಲ್ಲ, ಬಾಗಿದ್ದರೆ ಮಳೆನೀರು ಇಳಿಯುವುದಿಲ್ಲ.

ಡ್ರಿಲ್ಲು ಕೈಗೆತ್ತಿಕೊಂಡ ಹೊತ್ತಿಗೆ ದೊಡ್ಡಮ್ಮ ಬಂದರು.

"ಏನ್ಲಾ ಮಾಡ್ತಿದೀಯೆ?"

"ತೂತು ಒಡೀತಿವ್ನಿ ದೊಡ್ಡವ್ವ. ಗಾಳಿ ಓಗಕ್ಕೆ."

"ಒಸಾ ಟ್ಯಾಂಕಿಗಾ?"

"ಊಂ."

ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಹೊಸ ಕೊಡಕ್ಕೆ ತೂತು ಹೊಡೆಯುವುದು ನಮ್ಮ ಕಡೆ ಒಂದೇ ಜಾಗದಲ್ಲಿ. ಕೊಳ್ಳಿ ಇಡುವವನು ನೀರು ತುಂಬಿದ ಕೊಡವನ್ನು ಹೆಗಲ ಮೇಲಿಟ್ಟುಕೊಂಡು ಹೆಣದ ಸುತ್ತ ಬರುತ್ತಾನೆ, ಸುತ್ತಿಗೊಂದರಂತೆ ಹಿಂದಿನಿಂದ ತೂತು ಹೊಡೆಯುತ್ತಾರೆ, ಕೊನೆಗೆ ಕೊಡ ಬಿಸಾಡಿ ತಿರುಗಿ ನೋಡದೆ ಮನೆಗೆ ಬರುತ್ತಾನೆ. ಟ್ಯಾಂಕು ಕೊಡವಲ್ಲ ಎಂದು ವಾದಿಸುವುದೂ ಸುಲಭವಲ್ಲ. ಬಾಯಿ ಇದೆ, ಹೊಟ್ಟೆ ಇದೆ, ತುಂಬಿಸುತ್ತಾರೆ.

"ಮಸಾಣದ ಕೊಡ ಕಟ್ಕಂಡು ನಾನು ಹಾಸ್ನಕ್ಕೆ ಓಗ್ಲಾ?"

"ಅಂಗಲ್ಲ ದೊಡ್ಡವ್ವ. ನೀವು ಎಣ್ಣೆ ಡಬ್ಬಕ್ಕೆ ಎರಡು ಕಡೆ ತೂತು ಒಡೀತೀರಲ್ಲ. ಒಂದೇ ಒಡುದ್ರೆ ಎಣ್ಣೆ ಗಳಗಳ ಅಂತ ನಿಂತು ನಿಂತು ಬತ್ತದೆ. ಇದೂ ಅಂಗೇಯ."

"ಅದು ಅಂಗಡಿ ಡಬ್ಬ ಕಣ್ಲಾ. ಕಾಲಿಯಾದ್ರೆ ಗುಜರಿಗಾಕ್ತೀನಿ. ಅದ್ರ ಮುಂದೆ ಕೂತ್ಕಂಡು ಮೆರವಣಿಗೆ ಓಗಕಿಲ್ಲ."

ಇಬ್ಬರೂ ರಾಮಣ್ಣನವರ ಕಡೆ ನೋಡಿದರು. ರಾಮಣ್ಣ ಅಶೋಕನಿಗೆ "ನೀನು ಮಾಡು" ಎಂದರು, ಅತ್ತಿಗೆಗೆ "ನೀವು ಯೋಳ್ದಂಗೇ ಆಯ್ತದೆ ಬನ್ನಿ" ಎಂದರು. ಇಬ್ಬರಿಗೂ ಹೂಂ ಅನ್ನುವುದು ಅವರ ರಾಜಕಾರಣ. ಹಾಲಿನ ಸೊಸೈಟಿಗೆ ಎರಡು ಸಲ ಅಧ್ಯಕ್ಷರಾದದ್ದೂ ಹೀಗೆಯೇ.

ತೂತಾಯಿತು, ಪೈಪಾಯಿತು, ಟ್ಯಾಂಕು ಕೂತಿತು. ಗುರುವಾರ ಗಾಡಿಗೆ ಪೂಜೆ. ಮಂಗಳಾರತಿ ಮುಗಿದ ಮೇಲೆ ಅಶೋಕನಿಗೆ ಜಗಲಿಯ ತುದಿಯಲ್ಲಿ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟರು. ಪೇಪರ್ ಲೋಟ ಬಂದ ಮೇಲೆ ನಮ್ಮ ಕಡೆ ಭೇದಭಾವ ಪೂರ್ತಿ ಹೋಗಿದೆ. ಬಂದವರಿಗೆಲ್ಲ ಪೇಪರ್ ಲೋಟ. ನಮ್ಮವರು ಬಂದರೆ ಮಾತ್ರ ಸ್ಟೀಲು.

ಅವನು ಕಾಫಿ ಕುಡಿಯುತ್ತಿದ್ದ ಹೊತ್ತಿನಲ್ಲಿ ಮನೆಯ ಡ್ರೈವರ್ ಭೀಮ ದೊಡ್ಡಮ್ಮನ ಅಪ್ಪಣೆಯಂತೆ ಪಿಕಪ್ಪಿನ ಹಿಂದಕ್ಕೆ ಹತ್ತಿ, ಸೈಕಲ್ ಟ್ಯೂಬಿನ ಒಂದು ತುಂಡನ್ನು ಗಾಳಿ ಪೈಪಿನ ಬಾಯಿಗೆ ಮಡಚಿಟ್ಟು, ಸೆಣಬಿನ ಹುರಿಯಿಂದ ಏಳು ಸುತ್ತು ಬಿಗಿದ. ದೊಡ್ಡಮ್ಮ ಗಂಟಿಗೆ ಕುಂಕುಮ ಇಟ್ಟರು. ತೂತು ಹೋಗದಿದ್ದರೂ ತೂತಿನ ದೋಷ ಹೋಯಿತು. ರಾಮಣ್ಣ ಮೂರು ಮಾರು ದೂರದಲ್ಲಿ ಫೋನು ಕಿವಿಗಿಟ್ಟುಕೊಂಡು ನಿಂತು ಎಲ್ಲವನ್ನೂ ನೋಡಿದರು. ಆ ಕಡೆಯಿಂದ ಯಾರೂ ಮಾತಾಡುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಟ್ರಯಲ್ಲು. ಭೀಮ ಓಡಿಸಿದ, ರಾಮಣ್ಣ ಪಕ್ಕದಲ್ಲಿ ಕೂತರು. ಹೊಳೆನರಸೀಪುರದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನ ಎದುರಿಗೆ ಬರುವ ಹೊತ್ತಿಗೆ ಗಾಡಿ ಎರಡು ಸಲ ಮುಗ್ಗರಿಸಿ, ಕೆಮ್ಮಿ, ನಿಂತಿತು.

ನಿಂತ ಗಾಡಿಗೆ ನಮ್ಮಲ್ಲಿ ತಜ್ಞರ ಕೊರತೆ ಎಂದೂ ಆಗಿಲ್ಲ. ಇಡ್ಲಿ ಅರ್ಧಕ್ಕೆ ಬಿಟ್ಟು ಎಂಟು ಜನ ಬಾನೆಟ್ಟಿನ ಸುತ್ತ ಸೇರಿದರು. ಕಾರ್ಬೊರೇಟರು ಎಂದರು. ಕಾಯಿಲು ಎಂದರು. ಈಗಿನ ಪೆಟ್ರೋಲೇ ಸರಿಯಿಲ್ಲ, ಕಬ್ಬಿನ ಹಾಲು ಬೆರೆಸುತ್ತಾರೆ ಎಂದರು. ದೃಷ್ಟಿ ಎಂದವರು ಹೆಲ್ಮೆಟ್ ಹಾಕಿಕೊಂಡಿದ್ದರು. ರಾಮಣ್ಣ ಪಂಚಾಕ್ಷರಯ್ಯನಿಗೆ ಫೋನು ಹಚ್ಚಿ ಸ್ಪೀಕರು ಹಾಕಿದರು.

"ಟ್ಯಾಂಕು ಹಿಂದಕ್ಕೆ ಆಕ್ಸಿದ್ರಾ?" ಎಂದಿತು ಫೋನು. "ಮುಗೀತು ಬುಡಿ. ಪೆಟ್ರೋಲು ಅಷ್ಟು ದೂರ ಬತ್ತದಾ? ಯಾವನು ಮಾಡಿದ್ದು?"

"ಇಲ್ಲೇ ಒಬ್ಬ ಹುಡುಗ."

ಮೂವತ್ತನಾಲ್ಕು ವರ್ಷದ ಹುಡುಗ ಸ್ಕೂಟರಿನಲ್ಲಿ ಬಂದ. ಬಾನೆಟ್ಟಿನ ಕಡೆ ನೋಡಲೇ ಇಲ್ಲ. ಬೀಗದ ಕೈ ಇಸಿದುಕೊಂಡು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು, ತಗಡು ಟಂಯ್ ಎಂದು ಸಡಿಲವಾಯಿತು. ಗಾಳಿ ಸಿಕ್ಕದ ಟ್ಯಾಂಕು ಪೆಟ್ರೋಲನ್ನು ಬಿಗಿಹಿಡಿದುಕೊಂಡಿತ್ತು. ಅವನು ಹಿಂದಕ್ಕೆ ಹತ್ತಿ ಪೈಪಿನ ತುದಿ ನೋಡಿದ. ಕುಂಕುಮ ಇಟ್ಟ ಗಂಟು.

"ಸಾ, ಇದ್ನ ಯಾರು ಕಟ್ಟಿದ್ದು?"

ಭೀಮ ಆಕಾಶದಲ್ಲಿ ಏನೋ ಹುಡುಕತೊಡಗಿದ. ರಾಮಣ್ಣನಿಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಎಂಟು ಜನರ ಮುಂದೆ, ಅದರಲ್ಲೂ ಗೌರೀಶಂಕರನಂಥ ಗುಮಾಸ್ತನ ಮುಂದೆ, ನಮ್ಮ ಮನೆಯಲ್ಲಿ ಪೆಟ್ರೋಲ್ ಟ್ಯಾಂಕನ್ನು ಮಸಾಣದ ಕೊಡ ಅಂದುಕೊಂಡರು ಎಂದು ಸೊಸೈಟಿಯ ಮಾಜಿ ಅಧ್ಯಕ್ಷರು ಹೇಳುವುದು ಹೇಗೆ?

"ಗಾಳಿಗೆ ಏನೋ ಸಿಕ್ಕಾಕ್ಕಂಡಿರ್ಬೇಕು ಕಣ್ಲಾ."

"ಏಳು ಸುತ್ತು ಸುತ್ಕಂಡು ಗಂಟಾಕ್ಕಂಡಿದೆ ಸಾ."

"ಒಟ್ನಲ್ಲಿ ಸಣ್ಣ ಮಿಸ್ಟೇಕು," ಎಂದು ರಾಮಣ್ಣ ಈ ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಇನ್ನೂ ಹುಡುಗ. ಕಲೀತಾನೆ ಬುಡಿ."

ಹೀಗೆ ಅಶೋಕನನ್ನು ಹೋಟೆಲಿನ ಎದುರು ಉದಾರವಾಗಿ ಕ್ಷಮಿಸಲಾಯಿತು. ಗಂಟು ಬಿಚ್ಚಿದ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ಹೊರಟಿತು. ಕ್ಷಮೆ ಮಾತ್ರ ಅಲ್ಲೇ ಉಳಿದು ಸಂಜೆಯೊಳಗೆ ಅರಕಲಗೂಡು ಮುಟ್ಟಿತು. ಗೌರೀಶಂಕರ ಫೋನು ಮಾಡಿ, ಜೀಪಿನ ವಿಷಯ ಸ್ವಲ್ಪ ದಿನ ಬಿಟ್ಟು ನೋಡೋಣ ಎಂದ. ಪಂಚಾಕ್ಷರಯ್ಯನ ಹೆಸರು ಹೇಳಲಿಲ್ಲ. ಸಭ್ಯಸ್ಥ.

ರಾತ್ರಿ ಊಟಕ್ಕೆ ಕೂತಾಗ ಭಾನುಪ್ರಿಯಾ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಅಲ್ಲ, ಅವ್ರು ಕ್ಷಮಿಸಿದ್ದು ಏನಕ್ಕೆ?"

ಅಶೋಕ ಸಾರಿಗೆ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ದೊಡ್ಡಮ್ಮ ಗಾಡಿಯನ್ನು ಒಂದು ಸುತ್ತು ಬಂದು ನೋಡಿದರು. ಗಂಟು ಮಾಯವಾಗಿತ್ತು. ಭೀಮನನ್ನು ಕರೆದರು. ಭೀಮ ರಾಮಣ್ಣನ ಮುಖ ನೋಡಿದ, ರಾಮಣ್ಣ ವಾಚು ನೋಡಿದರು. ಹೊಸ ಹುರಿ, ಹೊಸ ರಬ್ಬರು, ಹೊಸ ಕುಂಕುಮ. ದೊಡ್ಡಮ್ಮ ರೇಷ್ಮೆ ಸೀರೆ ಸರಿಪಡಿಸಿಕೊಂಡು ಒಳಗೆ ಕೂತು, ಮೂಗಿನಲ್ಲಿ ಎರಡು ಸಲ ಗಾಳಿ ಎಳೆದು, "ಈಗ ವಾಸ್ನೆ ಇಲ್ಲ ಕಣಪ್ಪ, ಆ ಹುಡುಗ ಚೆನ್ನಾಗಿ ಮಾಡವ್ನೆ" ಎಂದರು.

ಚೆನ್ನಾಗಿ ಮಾಡಿದವನು ಊರ ಬಾಗಿಲಲ್ಲಿ ಕಾಯುತ್ತಿದ್ದ. ದಾರಿಯಲ್ಲಿ ನಿಂತರೆ ಇರಲಿ ಎಂದು ರಾಮಣ್ಣ ಬರಹೇಳಿದ್ದರು. ಒಳಗೆ ಮೂರು ಜನಕ್ಕೆ ಜಾಗ ಮುಗಿದಿತ್ತು. ಅಶೋಕ ಹಿಂದಕ್ಕೆ ಹತ್ತಿ ಸ್ಟೆಪ್ನಿ ಟೈರಿನ ಮೇಲೆ ಕೂತ. ಗಾಳಿ ಪೈಪು ಅವನ ಕಿವಿಯ ಪಕ್ಕಕ್ಕೇ ಬರುತ್ತಿತ್ತು.

ಗಂಟನ್ನು ಅವನು ಮೊದಲ ತಿರುವಿನಲ್ಲೇ ನೋಡಿದ. ಬೆರಳಿನಿಂದ ಮುಟ್ಟಿದ, ಕುಂಕುಮ ಹತ್ತಿತು. ಬಿಚ್ಚುವುದು ಅರ್ಧ ನಿಮಿಷದ ಕೆಲಸ. ಬಿಚ್ಚಿದರೆ ಗಾಡಿ ಹಾಸನಕ್ಕೆ ಹೋಗುತ್ತದೆ, ಕ್ಷಮೆ ಪಡೆದ ಹುಡುಗ ಈ ಸಲ ಕಲಿತ ಎಂದಾಗುತ್ತದೆ. ಬಿಚ್ಚದಿದ್ದರೆ ಗಾಡಿ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ ಎಂಬುದು ಅವನಿಗೆ ಹೆಚ್ಚುಕಡಿಮೆ ಗೊತ್ತಿತ್ತು. ಬಂಕಿನಲ್ಲಿ ಶುಕ್ರವಾರದಷ್ಟೇ ಪೆಟ್ರೋಲು ತುಂಬಿಸಿದ್ದರು, ರಸ್ತೆ ಅದೇ, ಭೀಮನ ಕಾಲೂ ಅದೇ. ಅಶೋಕ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕಡೆಯ ತೆಂಗಿನ ತೋಟ ನೋಡುತ್ತ ಕೂತ.

ಹೋಟೆಲಿಗೆ ಇಪ್ಪತ್ತು ಮಾರು ಇರುವಾಗ ಗಾಡಿ ಮುಗ್ಗರಿಸಿತು. ಸರಿಯಾಗಿ ಹೋಟೆಲಿನ ಎದುರಿಗೆ ನಿಂತಿತು. ಭಾನುವಾರವಾದ್ದರಿಂದ ತಜ್ಞರು ಹದಿನೈದು ಜನ ಇದ್ದರು. ರಜೆಯಾದರೂ ಪಿಕಪ್ಪು ಹಾಸನಕ್ಕೆ ಹೋಗುವುದನ್ನು ನೋಡಲು ಬಂದಿದ್ದ ಗೌರೀಶಂಕರ ಕಾಫಿ ಲೋಟ ಹಿಡಿದುಕೊಂಡೇ ರಸ್ತೆ ದಾಟಿ ಬಂದ.

"ಲೇ ಅಶೋಕ, ಇಳಿಯೋ," ರಾಮಣ್ಣ ಬಾಗಿಲಿನಿಂದ ತಲೆ ಹೊರಹಾಕಿದರು. "ಏನಾಯ್ತು ನೋಡು."

"ನೋಡಿದೀನಿ ಸಾ. ಇಲ್ಲೇ ಐತೆ."

"ಏನು?"

"ಗಾಳಿ ಕಟ್ಟಿರೋ ಗಂಟು. ಇವತ್ತೂ ಕಟ್ಬುಟ್ಟದೆ."

ಒಳಗಿನಿಂದ ದೊಡ್ಡಮ್ಮನ ದನಿ ಬಂತು. "ಯಾವ ಗಾಳಿ?"

"ಶುಕ್ರವಾರ ಈ ಪೈಪಿನ ಬಾಯಿಗೆ ಗಾಳಿ ಗಂಟಾಕಿತ್ತಂತೆ ದೊಡ್ಡವ್ವ. ಗಾಡಿ ನಿಂತೋಗಿತ್ತು. ಗೌಡ್ರು ಯೋಳಿದ್ರು."

ಬಾಗಿಲು ತೆರೆಯಿತು. ರಾಮಣ್ಣ ಇಳಿದು ಪಕ್ಕಕ್ಕೆ ಸರಿದರು. ದೊಡ್ಡಮ್ಮ ಒಂದೊಂದೇ ಕಾಲು ಇಳಿಸಿ ಕೆಳಗೆ ಬಂದರು. ರೇಷ್ಮೆ ಸೀರೆಗೆ ಜನ ತಾನಾಗಿ ಜಾಗ ಬಿಟ್ಟರು.

"ಗಾಳಿ ಯಾಕ್ಲಾ ಕಟ್ಟಾದು? ನಾನು ಕಟ್ಸಿದ್ದು. ಆವತ್ತೂ ನಾನೇ, ಇವತ್ತೂ ನಾನೇ. ನೀನೇ ನಿಂತ್ಕಂಡು ನೋಡ್ತಿದ್ದಲ್ಲ ರಾಮಣ್ಣ."

"ನಾನು ಫೋನ್‌ನಲ್ಲಿದ್ದೆ ಅತ್ಗೆಮ್ಮ..."

"ಫೋನು ನಿನ್ನ ಕಿವೀಲಿತ್ತು. ಕಣ್ಣಲ್ಲಿತ್ತಾ?"

ಹೋಟೆಲಿನಲ್ಲಿ ಯಾರೋ ಕೆಮ್ಮಿದರು. ಗೌರೀಶಂಕರ ಕಾಫಿ ಕುಡಿಯುವುದನ್ನು ಮರೆತಿದ್ದ. ನಾಚಿಕೆ ಪಡಬೇಕಾದವರು ದೊಡ್ಡಮ್ಮ ಎಂದು ರಾಮಣ್ಣ ಅಂದುಕೊಂಡಿದ್ದರು, ಅವರಿಗಾಗಿ ಎರಡು ದಿನ ತಾವೇ ನಾಚಿಕೊಂಡೂ ಇದ್ದರು. ದೊಡ್ಡಮ್ಮನಿಗೆ ಹಾಗೇನೂ ಇರಲಿಲ್ಲ.

"ಗಾಡಿ ನಿಂತಿದ್ದಕ್ಕೆ ಇವ್ರೆಲ್ಲ ಯಾರ್ನ ಅಂದ್ರು?" ಎಂದು ಅವರು ಅಶೋಕನನ್ನು ಕೇಳಿದರು.

"ನನ್ನ ದೊಡ್ಡವ್ವ."

"ನೀನು ಬಾಯ್ಬುಡ್ಲಿಲ್ವಾ?"

"ಕ್ಷಮಿಸ್ಬುಟ್ಟಿದ್ರು."

ದೊಡ್ಡಮ್ಮ ಮೈದುನನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಪೈಪಿನ ಕಡೆ ಗದ್ದ ಎತ್ತಿದರು. "ಅದ್ನ ಬಿಚ್ಚಿದ್ರೆ ಓಡ್ತದಾ?"

"ಓಡ್ತದೆ."

"ಬಿಚ್ಚದಿದ್ರೆ?"

"ಇಲ್ಲಿಗಂಟ ಓಡ್ತದೆ."

"ಸರಿ, ಬಿಚ್ಕೊ. ನಿನ್ನ ಕೆಲಸ ನೀನು ಮಾಡಿದೀಯೆ. ನಾನು ಮಾತ್ರ ತೂತಿನ ಟ್ಯಾಂಕಿನ ಗಾಡೀಲಿ ಕೂರಕಿಲ್ಲ." ಚೀಲದಿಂದ ಆಧಾರ್ ಕಾರ್ಡು ತೆಗೆದರು. "ಹಾಸ್ನದ ಬಸ್ಸು ಎಷ್ಟೊತ್ತಿಗಪ್ಪ?"

ಯಾರೋ ಹತ್ತು ನಿಮಿಷಕ್ಕಿದೆ ಎಂದರು. ಯಾರ ಸುಖಕ್ಕಾಗಿ ಟ್ಯಾಂಕನ್ನು ಒಳಗಿನಿಂದ ಹೊರಗೆ ಹಾಕಿದ್ದರೋ ಆಕೆ ಮೂರು ಗಂಟೆಯ ಅಲಂಕಾರದ ಸಮೇತ ಉಚಿತ ಬಸ್ಸಿನ ಕಡೆ ನಡೆದು ಹೋದರು. ವಿಶೇಷ ಬಹುಮಾನವೂ ಅವರ ಹಿಂದೆಯೇ ಹೋಯಿತು.

"ಬಿಚ್ಲಾ, ಟೈಮಾಯ್ತು," ಎಂದರು ರಾಮಣ್ಣ.

ಅಶೋಕ ಟೈರಿನಿಂದ ಎದ್ದು ಪೈಪು ಹಿಡಿದುಕೊಂಡ. ಬಿಚ್ಚಲಿಲ್ಲ.

"ಸಾ, ಶುಕ್ರವಾರ ಒಂದು ಮಾತು ಯೋಳಿದ್ರಿ, ಇದೇ ಜಾಗದಲ್ಲಿ. ಮಿಸ್ಟೇಕು ಅಂತ."

"ಈಗ ಅತ್ಗೆಮ್ಮನೇ ಯೋಳುದ್ರಲ್ಲಪ್ಪ. ಹಳೇ ಕಾಲದೋರು, ಏನೋ ನಂಬ್ಕೆ..."

"ದೊಡ್ಡವ್ವ ಅವ್ರದ್ನ ಯೋಳುದ್ರು. ನೀವು ನಿಮ್ಮದ್ನ ಯೋಳ್ಬುಡಿ."

ರಾಮಣ್ಣ ಭೀಮನ ಕಡೆ ನೋಡಿದರು. ಭೀಮ ಸ್ಟೀರಿಂಗನ್ನು ಒರೆಸುತ್ತಿದ್ದ. ಹದಿನೈದು ಜನರ ಕಡೆ ನೋಡಿದರು. ಅಷ್ಟೂ ಜನ ಕಾಯುತ್ತಿದ್ದರು, ಇಡ್ಲಿ ಆರಿದರೂ ಪರವಾಗಿಲ್ಲ ಎಂಬ ಮುಖ. ಗಡಿಯಾರ ಒಂಬತ್ತೂವರೆ ದಾಟಿತ್ತು. ಹತ್ತೂವರೆಗೆ ಹಾಸನದಲ್ಲಿ ಗಾಡಿಗಳ ಸಾಲು.

"ಮಿಸ್ಟೇಕು ನಮ್ಮ ಮನೇದು," ಎಂದರು.

"ಹಿಂದಿನೋರಿಗೆ ಕೇಳಿಸ್ಲಿಲ್ಲ ಸಾ."

"ನಮ್ದು ಕಣ್ಲಾ. ನಂದು. ನೋಡ್ಕಂಡು ಸುಮ್ನಿದ್ದೆ. ಆ ಹುಡುಗಂದು..." ಮೇಲೆ ಪೈಪು ಹಿಡಿದು ನಿಂತವನ ಕಡೆ ಕತ್ತೆತ್ತಿದರು. "ಅಶೋಕಂದು ಏನೂ ತಪ್ಪಿಲ್ಲ."

ಅಶೋಕ ಹುರಿ ಬಿಚ್ಚಿದ. ಪೈಪು ಉದ್ದಕ್ಕೆ ಸುಯ್ ಎಂದು ಉಸಿರೆಳೆದುಕೊಂಡಿತು. ಭೀಮ ಕೀ ತಿರುಗಿಸಿದ, ಎರಡನೇ ಸಲಕ್ಕೆ ಇಂಜಿನ್ನು ಹಿಡಿಯಿತು. ಮುಂದೆ ಈಗ ಒಬ್ಬರ ಜಾಗ ಖಾಲಿ ಇತ್ತು. ರಾಮಣ್ಣ ಬಾಗಿಲನ್ನು ಅಶೋಕನಿಗಾಗಿ ತೆರೆದು ಹಿಡಿದರೋ ಅಥವಾ ಹಾಕುವುದನ್ನು ಮರೆತರೋ ಎಂಬ ಬಗ್ಗೆ ಹೋಟೆಲಿನಲ್ಲಿ ಈಗಲೂ ಎರಡು ಅಭಿಪ್ರಾಯಗಳಿವೆ. ಅಶೋಕ ಹಿಂದಿನಿಂದ ಕೆಳಗೆ ಹಾರಿ, ಕೈ ಒರೆಸಿಕೊಂಡು, "ಇನ್ನು ನಾನ್ಯಾಕೆ ಸಾ, ಓಡ್ತದೆ. ಓಗ್ಬನ್ನಿ" ಎಂದ.

ಗಾಡಿ ಹಾಸನದ ರಸ್ತೆ ಹಿಡಿಯಿತು. ಅದು ಸೇತುವೆಯ ಕಡೆ ತಿರುಗುವವರೆಗೂ ಹದಿನೈದು ಜನರೂ ಅದರ ಸದ್ದು ಕೇಳುತ್ತ ನಿಂತಿದ್ದರು, ಅಶೋಕನೂ ನಿಂತಿದ್ದ. ಸದ್ದು ಎಲ್ಲೂ ಮುಗ್ಗರಿಸಲಿಲ್ಲ.

ಗೌರೀಶಂಕರ ಆರಿದ ಕಾಫಿಯನ್ನು ಚೆಲ್ಲಿ ಹತ್ತಿರ ಬಂದ.

"ಬುಧವಾರ ಜೀಪು ತರ್ಲೇನ್ರಿ?"

"ಬುಧವಾರ ಬ್ಯಾರೆ ಕೆಲಸ ಐತೆ. ಶನಿವಾರ ತನ್ನಿ."

"ಅದಕ್ಕೂ ಟ್ಯಾಂಕೇ ತೊಂದ್ರೆ. ತೂತು ಗೀತು ಹೊಡೀಬೇಕಾಗ್ತದೋ ಏನೋ." ಅವನು ದನಿ ತಗ್ಗಿಸಿದ. "ನಮ್ಮನೇಲೂ ಅಮ್ಮ ಇದಾರೆ."

"ಜೀಪು ಆಮೇಲೆ ತನ್ನಿ ಸಾ," ಎಂದ ಅಶೋಕ. "ಮೊದ್ಲು ಅವರನ್ನ ಕರ್ಕಂಡು ಬನ್ನಿ."